ಎಡಗಡೆಯ ಮುಂದಿನ ಟೈರು



ರಾಯಚೂರಿನ ಲಿಂಗಸುಗೂರು ರಸ್ತೆಯಲ್ಲಾಗಲಿ, ಮಾನ್ವಿಯಲ್ಲಾಗಲಿ, ದೇವದುರ್ಗದಲ್ಲಾಗಲಿ, ಟೈರ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಅಣ್ಣಾರ, ನಿಮ್ಮ ಗಾಡಿ ಟೈರ್ ತಿನ್ನಾಕ ಹತ್ಯಾದ್ರಿ." ಮಾಲೀಕರ ಉತ್ತರವೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ: "ಹೋದ ವರ್ಷನ ಹಾಕ್ಸೀನಲ್ಲೋ ತಮ್ಮಾ. ಈ ಕಂಪನಿ ಮಾಲು ಸರಿ ಇಲ್ಲ ಬಿಡು." ಬೇರೆ ಕಂಪನಿಯ ಎರಡು ಹೊಸ ಟೈರು ಬರುತ್ತವೆ. ವರ್ಷ ತುಂಬುವುದರೊಳಗೆ ಅವೂ ಅದೇ ಮಗ್ಗುಲಲ್ಲಿ, ಅಷ್ಟೇ ಅಗಲಕ್ಕೆ ಸವೆದು ಕೂತಿರುತ್ತವೆ. ಕಂಪನಿ ಬದಲಾದರೂ ಸವೆತದ ಜಾಗ ಬದಲಾಗದಿದ್ದರೆ ದೋಷ ಬೇರೆ ಕಡೆ ಇದೆ ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಆದರೂ ನಾವು ದುಡ್ಡು ಕೊಟ್ಟು ಟೈರು ತರುತ್ತೇವೆಯೇ ಹೊರತು ಕಾರಣ ಹುಡುಕುವುದಿಲ್ಲ. ನಮ್ಮ ಜಿಲ್ಲೆಯ ಮಟ್ಟಿಗೆ ಆ ಕಾರಣದ ದೊಡ್ಡ ಪಾಲು ಎರಡು ಕಡೆ ಇದೆ ಎಂದು ನನ್ನ ಅಭಿಪ್ರಾಯ: ಒಂದು, ರಸ್ತೆಯ ಎಡ ಅಂಚು, ಇನ್ನೊಂದು, ನಾವು ಹವಾ ಹಾಕಿಸುವ ಹೊತ್ತು. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ಮುಂದಿನ ಟೈರು ಹಿಂದಿನದಕ್ಕಿಂತ ಬೇಗ ಸವೆಯುವುದು ಬೇರೆ, ಒಂದೇ ಕಡೆ ಸವೆಯುವುದು ಬೇರೆ. ಮೊದಲನೆಯದಕ್ಕೆ ಗಾಬರಿ ಬೇಡ. ನಮ್ಮ ಹಿರಿಯರು ಓಡಿಸಿದ ಅಂಬಾಸಡರ್‌ನಲ್ಲಿ ಎಂಜಿನ್ ಮುಂದಿದ್ದರೂ ಅದರ ಶಕ್ತಿ ಉದ್ದನೆಯ ಶಾಫ್ಟ್ ಹಿಡಿದು ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. ಹಿಂದಿನವು ತಳ್ಳುತ್ತಿದ್ದವು, ಮುಂದಿನವು ದಿಕ್ಕು ನೋಡಿಕೊಳ್ಳುತ್ತಿದ್ದವು, ಕೆಲಸ ಹಂಚಿಕೆಯಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿಯಿತು. ಅದರಲ್ಲಿ ಎಂಜಿನ್ನು, ಗೇರ್‌ಬಾಕ್ಸು, ಎಳೆತ ಎಲ್ಲವೂ ಮುಂದೆಯೇ. ಈಗಿನ ಸಣ್ಣ ಕಾರುಗಳು ಬಹುತೇಕ ಅದೇ ಕಟ್ಟಿನವು. ಖಾಲಿ ಕಾರಿನ ತೂಕದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಮುಂದಿನ ಎರಡು ಗಾಲಿಗಳ ಮೇಲೆ ಕೂರುತ್ತದೆ. ಎಳೆಯುವುದು ಅವೇ, ತಿರುಗುವುದು ಅವೇ. ಬ್ರೇಕ್ ಒತ್ತಿದಾಗ ಕಾರು ಮುಂದಕ್ಕೆ ಮುಗ್ಗರಿಸುತ್ತದಲ್ಲ, ಆಗ ತಡೆಯುವ ಕೆಲಸದ ಬಹುಪಾಲನ್ನೂ ಹೊರುವುದು ಅವೇ. ಇಷ್ಟೆಲ್ಲ ಕೆಲಸ ನಡೆಯುವುದು ಒಂದೊಂದು ಟೈರಿಗೆ ಅಂಗೈ ಅಗಲದಷ್ಟು ಜಾಗದಲ್ಲಿ. ಟೈರು ನೆಲ ಮುಟ್ಟುವುದೇ ಅಷ್ಟು. ಹಾಗಾಗಿ ಮುಂದಿನವು ಮೊದಲು ಸವೆಯುತ್ತವೆ. ಕ್ರೂಸರ್, ಬೊಲೆರೊ ಇಟ್ಟುಕೊಂಡವರಿಗೆ ಈ ಸಮಾಧಾನ ಪೂರ್ತಿ ಸಲ್ಲುವುದಿಲ್ಲ. ಅವುಗಳಲ್ಲಿ ಇಂದಿಗೂ ಹಿಂದಿನ ಗಾಲಿಗಳೇ ತಳ್ಳುವುದು. ಅಲ್ಲಿಯೂ ಮುಂದಿನ ಟೈರೇ ಮೊದಲು ಬೋಳಾದರೆ ಏನೋ ಕೆಟ್ಟಿದೆ ಅಂತಲೇ ತಿಳಿಯಬೇಕು.

ಎರಡನೆಯದು, ಅಂದರೆ ಒಂದೇ ಕಡೆಯ ಸವೆತ, ಯಾವ ಗಾಡಿಯಲ್ಲೂ ಸಹಜವಲ್ಲ. ಅದನ್ನು ಕಂಡುಹಿಡಿಯಲು ಯಂತ್ರ ಬೇಕಿಲ್ಲ. ಗಾಡಿ ಪೂರ್ತಿ ನಿಂತು, ಟೈರು ತಣ್ಣಗಾದ ಮೇಲೆ ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಇಳಿದು, ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಗಲಕ್ಕೆ ಕೈ ಆಡಿಸಿ. ತಂತಿ ಹೊರಬಂದಷ್ಟು ಸವೆದಿದ್ದರೆ ಮಾತ್ರ ಕೈ ಹಚ್ಚಬೇಡಿ, ಕೊಯ್ಯುತ್ತದೆ. ಎರಡೂ ಅಂಚು ಸವೆದು ನಡುವೆ ಎದ್ದು ನಿಂತಿದ್ದರೆ ಹವಾ ಕಮ್ಮಿ ಇಟ್ಟು ಓಡಿಸಿದ್ದೀರಿ. ನಡುವೆ ಸವೆದು ಅಂಚು ಉಳಿದಿದ್ದರೆ ಹವಾ ಹೆಚ್ಚಾಗಿತ್ತು. ಒಳ ಅಂಚು ಮಾತ್ರ ಹೋಗಿದ್ದರೆ ಅಲೈನ್‌ಮೆಂಟು ತಪ್ಪಿದೆ. ಇದು ಕೆಟ್ಟ ಜಾತಿಯ ಸವೆತ, ಯಾಕೆಂದರೆ ಹೊರಗಿನಿಂದ ನೋಡಿದವರಿಗೆ ಟೈರು ಹೊಸದರಂತೆ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಗುಂಡಿ ಬಿದ್ದಂತೆ, ಏರು ತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ, ಇಲ್ಲವೆ ಬ್ಯಾಲೆನ್ಸಿಂಗ್ ತಪ್ಪಿದೆ. ಗಾಲಿ ನೆಲ ಬಿಟ್ಟು ಕುಣಿಯುತ್ತಾ ಹೋಗಿದೆ. ಇನ್ನೊಂದು ಗುರುತು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಮಾತ್ರ ತಿಳಿಯುತ್ತದೆ. ಹೊರಗಿನಿಂದ ಒಳಗೆ ಸವರಿದರೆ ನಯ, ಒಳಗಿನಿಂದ ಹೊರಗೆ ಸವರಿದರೆ ಗರಗಸದ ಹಲ್ಲು ತಾಗಿದಂತೆ ಒರಟು. ಹಾಗಿದ್ದರೆ ಮುಂದಿನ ಎರಡು ಗಾಲಿಗಳ ಮೂತಿ ಒಳಕ್ಕೆ ತಿರುಗಿದೆ. ಒರಟು ಉಲ್ಟಾ ಇದ್ದರೆ ಮೂತಿ ಹೊರಕ್ಕೆ ಹೋಗಿದೆ.

ಹವಾದ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ರಾಯಚೂರಿನ ಬೇಸಿಗೆಯಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಬಿಸಿಲಿಗೆ ಡಾಂಬರಿನ ಮೈ 60 ಡಿಗ್ರಿ ದಾಟುತ್ತದೆ. ಇಲ್ಲಿ ಬೇರೂರಿದ ಒಂದು ನಂಬಿಕೆ ಇದೆ: ಬಿಸಿಲಿಗೆ ಹವಾ ಹಿಗ್ಗಿ ಟೈರ್ ಒಡೆಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ನಾಲ್ಕು ಪಾಯಿಂಟ್ ಕಮ್ಮಿ ಇರಲಿ ಅಂತ. ಹವಾ ಹಿಗ್ಗುವುದು ನಿಜ. ಸುಮಾರು ಆರು ಡಿಗ್ರಿ ಬಿಸಿ ಏರಿದರೆ ಒಂದು ಪಾಯಿಂಟ್ ಒತ್ತಡ ಏರುತ್ತದೆ. ಆದರೆ ಟೈರು ಮಾಡುವವರು ಈ ಏರಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಒಡೆಯುವ ಅಪಾಯ ಹೆಚ್ಚಿರುವುದು ಹವಾ ಕಮ್ಮಿ ಇರುವ ಟೈರಿಗೆ. ಅದರ ಮಗ್ಗುಲು ಪ್ರತಿ ಸುತ್ತಿಗೂ ಬಗ್ಗಿ ಏಳುತ್ತದೆ, ಬಗ್ಗಿ ಎದ್ದಷ್ಟೂ ರಬ್ಬರಿನೊಳಗೇ ಬಿಸಿ ಹುಟ್ಟುತ್ತದೆ, ಕೆಳಗಿನ ರಸ್ತೆಯ ಬಿಸಿಯೂ ಅದಕ್ಕೆ ಸೇರುತ್ತದೆ. ಒಳಗಿನ ನೂಲು, ರಬ್ಬರು ಒಂದನ್ನೊಂದು ಬಿಡುವುದು ಆವಾಗ. ಬಿಸಿಯಾದ ರಬ್ಬರು ಮೆತ್ತಗಾಗಿ ಬೇಗ ಸವೆಯುವುದಂತೂ ಇದ್ದೇ ಇದೆ. ಬೇಸಿಗೆಗೆಂದು ಹವಾ ಇಳಿಸಿದವರು ಒಡೆಯುವ ಅಪಾಯವನ್ನೂ ಸವೆತವನ್ನೂ ಒಟ್ಟಿಗೇ ಮನೆಗೆ ತಂದ ಹಾಗೆ.

ಹೊತ್ತಿನ ಲೆಕ್ಕ ಇನ್ನೂ ಸೂಕ್ಷ್ಮ. ಮೇ ತಿಂಗಳಲ್ಲಿ ಬೆಳಗಿನ ಆರಕ್ಕೆ, 28 ಡಿಗ್ರಿ ಇರುವಾಗ, ಟೈರಿನಲ್ಲಿ 32 ಪಾಯಿಂಟ್ ಇದೆ ಅಂತಿಟ್ಟುಕೊಳ್ಳಿ. ಮಧ್ಯಾಹ್ನ ಬಿಸಿಲೇರಿ 42 ಆಗುತ್ತದೆ. ಹವೆಯ ಬಿಸಿಯಿಂದಲೇ ಎರಡು ಪಾಯಿಂಟ್ ಏರಿತು. ಮಾನ್ವಿಯಿಂದ ರಾಯಚೂರಿಗೆ ಓಡಿಸಿಕೊಂಡು ಬಂದಿರಿ. ಓಟದ ಬಿಸಿಗೆ ಇನ್ನೂ ಮೂರು ನಾಲ್ಕು. ಪೆಟ್ರೋಲ್ ಬಂಕಿನ ಹುಡುಗ ಮೀಟರ್ ಹಚ್ಚಿ, "38 ಅದ್ರಿ, ಭಾಳ ಆಗ್ಯಾದ" ಅನ್ನುತ್ತಾನೆ. ಪಾಪ, ಅವನ ಮೀಟರು ಸುಳ್ಳು ಹೇಳಿಲ್ಲ. 32ಕ್ಕೆ ಇಳಿಸಿ ಕಳಿಸುತ್ತಾನೆ. ಮರುದಿನ ಬೆಳಿಗ್ಗೆ ಅದೇ ಟೈರಿನಲ್ಲಿ ಉಳಿಯುವುದು 26. ಅಲ್ಲಿಂದ ಮುಂದೆ ಪ್ರತಿ ಕಿಲೋಮೀಟರಿಗೂ ಎರಡು ಅಂಚು ತೇಯುತ್ತವೆ. ಹೀಗಾಗಿ ಹವಾ ನೋಡಿಸುವುದು ಬೆಳಿಗ್ಗೆ, ಗಾಡಿ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ಓಡಿರದಾಗ. ಎಷ್ಟು ಹಾಕಿಸಬೇಕು ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಪಿಎಸ್‌ಐ ಎಂದು ಅಲ್ಲಿ ಬರೆದಿರುವುದೇ ನಮ್ಮ ಅಂಗಡಿಗಳ ಪಾಯಿಂಟು. ಮನೆಮಂದಿ ಎಲ್ಲ ಕೂತು, ಡಿಕ್ಕಿ ತುಂಬಿ ಮಂತ್ರಾಲಯಕ್ಕೋ ಶ್ರೀಶೈಲಕ್ಕೋ ಹೊರಟಾಗ ಎಷ್ಟಿರಬೇಕೆಂದು ಅದೇ ಚೀಟಿ ಬೇರೆಯಾಗಿ ಹೇಳುತ್ತದೆ. ಟೈರಿನ ಮಗ್ಗುಲಲ್ಲಿ 44, 51 ಎಂದೆಲ್ಲ ಅಚ್ಚಾಗಿರುತ್ತದಲ್ಲ, ಅದು ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ. ಅದನ್ನು ಓದಿ ಹವಾ ತುಂಬಿಸಿದರೆ ನಡುವೆ ಸವೆಯುತ್ತದೆ, ಗಾಡಿಯೂ ಕಲ್ಲಿನ ಮೇಲೆ ಕುಪ್ಪಳಿಸುತ್ತದೆ. ನೈಟ್ರೋಜನ್ ಹಾಕಿಸಿದ್ದೇವೆ, ನಮಗೆ ಈ ತಾಪತ್ರಯವಿಲ್ಲ ಅನ್ನುವವರೂ ಇದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ದುಡ್ಡು ಕೊಟ್ಟು ಉಳಿದ ಪಾಲನ್ನು ತುಂಬಿಸಿಕೊಂಡರೆ ತಪ್ಪಿಲ್ಲ, ಆದರೆ ತಿಂಗಳಿಗೊಮ್ಮೆ ಮೀಟರ್ ಹಚ್ಚಿ ನೋಡುವುದು ಅದರಿಂದ ತಪ್ಪುವುದಿಲ್ಲ.

ಇನ್ನು ಗಾಲಿಗಳ ಮೂತಿಯ ವಿಷಯ. ಅಂಗಡಿಯವರು ಇದಕ್ಕೆ ಟೋ ಅನ್ನುತ್ತಾರೆ. ಮುಂದಿನ ಎರಡು ಗಾಲಿಗಳು ಹೆಚ್ಚುಕಡಿಮೆ ಸಮಾನಾಂತರವಾಗಿ, ಕಂಪನಿ ಹೇಳಿದಷ್ಟೇ ವ್ಯತ್ಯಾಸದಲ್ಲಿ ಇರಬೇಕು. ಒಂದೇ ನೊಗ ಹೊತ್ತ ಎರಡು ಎತ್ತುಗಳಲ್ಲಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಕತ್ತು ಹಾಕಿಕೊಂಡು ನಡೆದರೂ ಬಂಡಿ ನೇರವಾಗಿಯೇ ಹೋಗುತ್ತದೆ. ಎತ್ತುಗಳ ಹೆಗಲು ಮಾತ್ರ ಹುಣ್ಣಾಗುತ್ತದೆ. ಗಾಲಿಯ ಕಥೆಯೂ ಅದೇ. ಕಾರು ನೇರ ಓಡುತ್ತಿದೆ, ಸ್ಟೇರಿಂಗ್ ಒಂದು ಕಡೆ ಎಳೆಯುತ್ತಿಲ್ಲ, ಆದ್ದರಿಂದ ಅಲೈನ್‌ಮೆಂಟ್ ಸರಿ ಇದೆ ಎಂಬ ನಮ್ಮ ಸಮಾಧಾನ ಇಲ್ಲಿ ಕೈಕೊಡುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಗಾಲಿ ಬರೀ ಅರ್ಧ ಡಿಗ್ರಿ ಓರೆಯಾಗಿದೆ ಅನ್ನಿ. 14 ಇಂಚಿನ ರಿಮ್ಮಿನ ಮುಂಬದಿಗೂ ಹಿಂಬದಿಗೂ ಅದು ಮೂರು ಮಿಲಿಮೀಟರ್ ವ್ಯತ್ಯಾಸ; ಕಣ್ಣಿಗೆ ಕಾಣುವುದಿಲ್ಲ. ಆದರೆ ಆ ಗಾಲಿ ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ಸುಮಾರು ಒಂಬತ್ತು ಮೀಟರ್‌ನಷ್ಟು ಅಡ್ಡಡ್ಡ ಉಜ್ಜಿಕೊಂಡಿರುತ್ತದೆ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗಿ ಬಂದು ನೂರು ಕಿಲೋಮೀಟರ್ ಆಯಿತೆಂದರೆ, ಮುಕ್ಕಾಲು ಕಿಲೋಮೀಟರಿಗೂ ಮೀರಿ ಆ ಟೈರನ್ನು ಡಾಂಬರಿನ ಮೇಲೆ ಅಡ್ಡ ಎಳೆದಾಯಿತು. ಹೊಸ ಟೈರಿನ ಗೆರೆಯ ಆಳ ಇರುವುದೇ ಏಳೆಂಟು ಮಿಲಿಮೀಟರ್.

ಈ ಅರ್ಧ ಡಿಗ್ರಿ ತಪ್ಪುವುದು ಹೇಗೆ? ಇಲ್ಲಿಂದ ನಮ್ಮ ರಸ್ತೆಗಳ ಕಥೆ ಶುರುವಾಗುತ್ತದೆ.

ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಎಷ್ಟೋ ದೂರ ಹರಡಿಕೊಂಡದ್ದು ಎರಿ ಭೂಮಿ. ಹತ್ತಿ, ಜೋಳ, ತೊಗರಿಗೆ ಬಂಗಾರದಂಥ ಮಣ್ಣು. ರಸ್ತೆಗೆ ಮಾತ್ರ ಅದು ಶತ್ರು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಅಗಲಕ್ಕೆ ಬಿರಿಯುತ್ತದೆ. ರಸ್ತೆಯ ನಡುಭಾಗದ ಅಡಿ ಮಣ್ಣಿಗೆ ಡಾಂಬರಿನ ಹೊದಿಕೆ ಇರುತ್ತದೆ, ಅಲ್ಲಿಯ ತೇವ ಅಷ್ಟಾಗಿ ಏರುಪೇರಾಗುವುದಿಲ್ಲ. ಅಂಚಿಗೆ ಆ ರಕ್ಷಣೆ ಇಲ್ಲ. ವರ್ಷ ವರ್ಷವೂ ಉಬ್ಬಿ, ಕುಸಿದು, ಮೊದಲು ಅಂಚಿನುದ್ದಕ್ಕೂ ಬಿರುಕು ಬೀಳುತ್ತದೆ, ಆಮೇಲೆ ಅಂಚೇ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಮಾನ್ವಿ ಸೀಮೆಯಲ್ಲಿ ಭತ್ತದ ಗದ್ದೆಯ ನೀರು ರಸ್ತೆಯ ಮಗ್ಗುಲಿಗೇ ನಿಂತಿರುತ್ತದೆ. ಅಡಿಪಾಯ ಸದಾ ಮೆತ್ತಗೆ.

ಆ ಮೆತ್ತನೆಯ ಅಂಚಿನ ಮೇಲೆ ಭಾರ ಹೇರುವವರು ಯಾರು? ಮಾನ್ವಿ ಕಡೆಯಿಂದ ಭತ್ತ, ಅಕ್ಕಿಯ ಲಾರಿ. ದೇವದುರ್ಗದ ಕಡೆಯಿಂದ ಕೃಷ್ಣೆಯ ಉಸುಕಿನ ಟಿಪ್ಪರು. ಹತ್ತಿ ಸುಗ್ಗಿಯಲ್ಲಿ ರಾಯಚೂರಿನ ಮಾರುಕಟ್ಟೆಗೆ ಹೊರಟ ಗಾಡಿಗಳ ಸಾಲು. ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಹಾರುಬೂದಿಯ ಲಾರಿ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ಹಾಕಿದ ರಸ್ತೆಯ ಮೇಲೆ ಹಗಲಿರುಳು ಲಾರಿ ಓಡಿಸಿ ಒಂದು ಲೆಕ್ಕ ಕಂಡುಕೊಂಡರು. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು ಎಂದು. ಒಂದು ಟನ್ನಿನ ಸಣ್ಣ ಕಾರಿನ ಅಚ್ಚಿನ ಮೇಲೆ ಬೀಳುವುದು ಅರ್ಧ ಟನ್. ಲಾರಿಯ ಹಿಂದಿನ ಅಚ್ಚಿಗೆ ಹತ್ತು ಟನ್ ಹಿಡಿಯಿರಿ. ಆ ಲೆಕ್ಕದಲ್ಲಿ ಲಾರಿಯ ಒಂದು ಅಚ್ಚು ಒಮ್ಮೆ ದಾಟಿ ಹೋದರೆ ನಿಮ್ಮ ಕಾರಿನ ಅಚ್ಚು 1 ಲಕ್ಷ 60 ಸಾವಿರ ಸಲ ದಾಟಿದ ಹಾಗೆ. ಲಾರಿಯವನು ಅದರ ಮೇಲೆ ಕಾಲು ಭಾಗ ಹೆಚ್ಚು ಹೇರಿದರೆ ಹಾನಿ ಎರಡೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ಉಸುಕಿನ ಲಾಭ ಒಬ್ಬರಿಗೆ, ಟೈರಿನ ಖರ್ಚು ಇನ್ನೊಬ್ಬರಿಗೆ ಎಂದು ನಾನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಗಣಿತ ಹೇಳುವುದು ಅದನ್ನೇ.

ಈಗ ಕಲ್ಮಲಾ, ಗಬ್ಬೂರು ದಾಟಿ ದೇವದುರ್ಗಕ್ಕೋ, ಕಲ್ಲೂರು, ನೀರಮಾನ್ವಿ ದಾಟಿ ಮಾನ್ವಿಗೋ ಹೊರಟಿದ್ದೀರಿ ಅನ್ನಿ. ರಸ್ತೆ ಕಿರಿದಾದ ಕಡೆ ಎದುರಿಗೆ ಲೋಡ್ ಲಾರಿ ಬಂದರೆ ಅದು ಇಳಿಯುವುದಿಲ್ಲ, ನೀವೇ ಇಳಿಯಬೇಕು. ನಾವು ಎಡಕ್ಕೆ ಓಡಿಸುವವರು. ಕೆಳಗಿಳಿಯುವುದು ಎಡಗಡೆಯ ಗಾಲಿ, ಅದರಲ್ಲೂ ಮೊದಲು ಮುಂದಿನದು. ಡಾಂಬರಿಗೂ ಮಣ್ಣಿಗೂ ಮೂರು ನಾಲ್ಕು ಇಂಚಿನ ಮೆಟ್ಟಿಲು. ಇಳಿಯುವಾಗ ಒಂದು ಏಟು. ಲಾರಿ ದಾಟಿದ ಕೂಡಲೇ ವೇಗ ತಗ್ಗಿಸದೆ ಬಲಕ್ಕೆ ಸ್ಟೇರಿಂಗ್ ಕೊಟ್ಟು ಮೇಲೇರಿಸುತ್ತೇವೆ. ಟೈರಿನ ಒಳ ಮಗ್ಗುಲು ಒಡೆದ ಅಂಚಿಗೆ ಉಜ್ಜಿ ಉಜ್ಜಿ ಏರುತ್ತದೆ. ಆ ಏಟು ರಿಮ್ಮಿನಿಂದ ಲೋವರ್ ಆರ್ಮ್‌ಗೆ, ಅದರ ಬುಶ್ಶಿಗೆ, ಬಾಲ್ ಜಾಯಿಂಟಿಗೆ, ಸ್ಟೇರಿಂಗಿನ ಟೈ ರಾಡಿಗೆ ಹೋಗಿ ಮುಟ್ಟುತ್ತದೆ. ಟೈ ರಾಡ್ ಅಂದರೆ ಬೆರಳು ಗಾತ್ರದ ಕಬ್ಬಿಣದ ಸರಳು. ಗಾಲಿಯ ಮೂತಿಯನ್ನು ಹಿಡಿದಿಡುವುದು ಅದೇ. ಅದು ಕೂದಲೆಳೆಯಷ್ಟು ಬಾಗಿದರೂ, ಅದರ ತುದಿಯ ಜಾಯಿಂಟ್ ಸ್ವಲ್ಪ ಸಡಿಲಾದರೂ ಮೊದಲು ಹೇಳಿದ ಅರ್ಧ ಡಿಗ್ರಿ ಬಂದುಬಿಡುತ್ತದೆ. ಎಡಗಡೆಯ ಮುಂದಿನ ಟೈರು ಬಲಗಡೆಯದಕ್ಕಿಂತ ಮೊದಲು ಕೆಡುವುದನ್ನು, ಮಗ್ಗುಲಲ್ಲಿ ಗುಳ್ಳೆ ಏಳುವುದನ್ನು ಇಲ್ಲಿ ಕಾಣುತ್ತೇವಲ್ಲ, ಅದರ ಮೂಲ ಈ ಮೆಟ್ಟಿಲು. ಗುಳ್ಳೆ ಎದ್ದ ಟೈರಿನ ಒಳಗಿನ ನೂಲು ಹರಿದಿರುತ್ತದೆ. ಅದಕ್ಕೆ ರಿಪೇರಿ ಇಲ್ಲ, ಸ್ಟೆಪ್ನಿ ಜಾಗಕ್ಕೂ ಅದು ಬೇಡ.

ಸುಗ್ಗಿಯ ಕಾಲಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಅರ್ಧ ರಸ್ತೆಗೆ ಭತ್ತ ಒಣಹಾಕಿ, ಗಾಡಿ ಹತ್ತದಿರಲೆಂದು ಸುತ್ತ ಕಲ್ಲಿಟ್ಟಿರುತ್ತಾರೆ. ರೈತರಿಗೆ ಕಣವಿಲ್ಲದ ಕಷ್ಟ ನನಗೆ ಗೊತ್ತು, ಅದರ ಬಗ್ಗೆ ತಕರಾರಿಲ್ಲ. ಭತ್ತ ತುಂಬಿಕೊಂಡು ಹೋಗುವಾಗ ಆ ಕಲ್ಲನ್ನೂ ಎತ್ತಿ ಬದಿಗಿಟ್ಟರೆ ದೊಡ್ಡ ಉಪಕಾರ.

ಊರೂರಿನ ಹಂಪುಗಳದು ಬೇರೆ ಪುರಾಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ಗುಂಡು ಮೈಯ ಹಂಪು 10 ಸೆಂಟಿಮೀಟರ್ ಎತ್ತರಕ್ಕೆ 3.7 ಮೀಟರ್ ಅಗಲ ಇರಬೇಕು. ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಮೆತ್ತಗೆ ದಾಟಬಹುದು. ಊರ ಜನ ತಾವೇ ಹಾಕಿಕೊಂಡದ್ದರಲ್ಲಿ ಎತ್ತರ ಅಷ್ಟೇ ಇರುತ್ತದೆ, ಅಗಲ ಮಾತ್ರ ಒಂದು ಮೊಳ. ಅದನ್ನು ಕೊನೇ ಗಳಿಗೆಯಲ್ಲಿ ಕಂಡು ಜೋರಾಗಿ ಬ್ರೇಕ್ ಒತ್ತಿದಾಗ ಮುಂದಿನ ಟೈರು ಒಂದು ಸಲಕ್ಕೆ ಸವೆಯುವಷ್ಟು ಸುಮ್ಮನೆ ಎಷ್ಟೋ ಕಿಲೋಮೀಟರ್ ಓಡಿದರೂ ಸವೆಯುವುದಿಲ್ಲ. ಶಾಕ್ ಅಬ್ಸಾರ್ಬರ್ ಸಾಯುವುದೂ ಇಲ್ಲೇ.

ಅಲೈನ್‌ಮೆಂಟಿಗೆ ಹೋದಾಗ ಒಂದು ಕ್ರಮವಿದೆ. ಮೊದಲು ಗಾಡಿ ಎತ್ತಿಸಿ, ಗಾಲಿಯ ಎರಡು ಮಗ್ಗುಲು ಹಿಡಿದು ಅಲ್ಲಾಡಿಸಿ ನೋಡಲು ಹೇಳಿ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬುಶ್ ಇವುಗಳಲ್ಲಿ ಆಟ ಇದ್ದರೆ ಅವನ್ನು ಬದಲಿಸಿದ ಮೇಲೆಯೇ ಅಲೈನ್‌ಮೆಂಟ್. ಸಡಿಲು ಜಾಯಿಂಟಿನ ಮೇಲೆ ಕಂಪ್ಯೂಟರಿನಲ್ಲಿ ಹಸಿರು ಬಣ್ಣ ಬರಿಸಿದರೆ ಅದು ಅಂಗಡಿಯ ಬಾಗಿಲು ದಾಟುವತನಕ ಮಾತ್ರ ಹಸಿರು. ಹವಾ ಸರಿಮಾಡಿಸಿಯೇ ಅಳತೆ ತೆಗೆಸಬೇಕು. ಮಾಡುವ ಮುಂಚಿನ ಅಳತೆ, ಮಾಡಿದ ನಂತರದ ಅಳತೆ ಎರಡೂ ಇರುವ ಚೀಟಿ ಕೇಳಿ ಪಡೆಯಿರಿ; ಯಂತ್ರಕ್ಕೆ ಅದನ್ನು ಅಚ್ಚು ಹಾಕಲು ಬರುತ್ತದೆ, ಕೊಡಲು ಬೇಸರ ಮಾಡಿಕೊಳ್ಳುವವರು ಇರಬಹುದು. ಬಹುತೇಕ ಸಣ್ಣ ಕಾರುಗಳಲ್ಲಿ ಮುಂದೆ ತಿರುಗಿಸಿ ಸರಿಪಡಿಸಲು ಆಗುವುದು ಟೋ ಒಂದೇ. ಗಾಲಿ ಒಳಕ್ಕೋ ಹೊರಕ್ಕೋ ವಾಲುವ ಕ್ಯಾಂಬರ್ ತಪ್ಪಿದ್ದರೆ ಯಾವುದೋ ಭಾಗ ಬಾಗಿದೆ ಅಥವಾ ಸೋತಿದೆ ಎಂದರ್ಥ. ಅದಕ್ಕೆ ನಟ್ಟು ತಿರುಗಿಸಿ ಪ್ರಯೋಜನವಿಲ್ಲ.

ಐದರಿಂದ ಹತ್ತು ಸಾವಿರ ಕಿಲೋಮೀಟರಿನ ನಡುವೆ ಒಮ್ಮೆ ಟೈರುಗಳ ಜಾಗ ಬದಲಿಸಿದರೆ ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೆ ಸವೆಯುತ್ತವೆ. ಮುಂದೆ ಎಳೆತವಿರುವ ಕಾರಿಗೆ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ. ಮಗ್ಗುಲಲ್ಲಿ ಬಾಣದ ಗುರುತಿರುವ ಟೈರಿಗೆ ಈ ಅದಲುಬದಲು ಸಲ್ಲದು, ಅದು ತನ್ನ ಮಗ್ಗುಲಲ್ಲೇ ಮುಂದೆ ಹಿಂದೆ ಆಗಬೇಕು. ಗೆರೆಗಳ ನಡುವೆ ಅಲ್ಲಲ್ಲಿ ಅಡ್ಡ ದಿಣ್ಣೆಗಳಿರುತ್ತವೆ, ಅವುಗಳ ಎತ್ತರ 1.6 ಮಿಲಿಮೀಟರ್. ಸವೆತ ಆ ದಿಣ್ಣೆಗೆ ಸಮ ಬಂದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರವೂ ಟೈರಿನ ಆಯುಷ್ಯ ಮುಗಿದ ಹಾಗೆಯೇ. ಒಳ ಅಂಚಿನಲ್ಲಿ ಮಾತ್ರ ಸಮವಾಗಿದ್ದರೂ ಮುಗಿದದ್ದೇ. ಕೊಳ್ಳುವಾಗ ಮಗ್ಗುಲಿನಲ್ಲಿರುವ ನಾಲ್ಕು ಅಂಕಿ ಓದಿ: 2324 ಅಂದರೆ 2024ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿನಲ್ಲಿ ವರ್ಷಗಟ್ಟಲೆ ಕೂತ ರಬ್ಬರು ಓಡದೆಯೂ ಮುಪ್ಪಾಗುತ್ತದೆ.

ಕೊನೆಗೊಂದು ಮಾತು, ಇದಕ್ಕೆ ಅಂಗಡಿಯಲ್ಲಿ ವಾದ ಬರುವುದು ಖಂಡಿತ. ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದಕ್ಕೆ ಹಾಕಿಸಿ, ಹಿಂದಿದ್ದ ಒಳ್ಳೆಯ ಜೋಡಿಯನ್ನು ಮುಂದಕ್ಕೆ ತನ್ನಿ. "ಉಲ್ಟಾ ಹೇಳ್ತೀರಲ್ರಿ, ಸವೆಯೋದು ಮುಂದಲ್ಲೇನ್ರಿ?" ಅಂತಾರೆ. ಹೌದು, ಸವೆಯುವುದು ಮುಂದೆಯೇ. ಆದರೆ ಮಳೆ ಬಂದ ರಸ್ತೆಯಲ್ಲಿ ಮುಂದಿನ ಟೈರು ಜಾರಿದರೆ ಸ್ಟೇರಿಂಗ್ ಹಗುರಾಗಿ ನಿಮ್ಮ ಕೈಗೆ ತಿಳಿಯುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಗಾಡಿಯ ಬಾಲವೇ ಸುತ್ತಿ ಮುಂದಕ್ಕೆ ಬರುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ನುರಿತ ಡ್ರೈವರಿಗೂ ಕಷ್ಟ. ಜೂನ್ ತಿಂಗಳ ಮೊದಲ ಮಳೆಯಲ್ಲಿ, ಟಿಪ್ಪರು ಚೆಲ್ಲಿದ ಉಸುಕು, ಟ್ರ್ಯಾಕ್ಟರ್ ಗಾಲಿಗೆ ಮೆತ್ತಿಕೊಂಡು ಬಂದ ಎರಿ ಮಣ್ಣು ಎರಡೂ ಡಾಂಬರಿನ ಮೇಲೆ ಕಲಸಿಕೊಂಡಿರುವಾಗ ಗಬ್ಬೂರಿನ ಕಡೆ ಹೋಗುವವರು ಈ ವಾದದಲ್ಲಿ ಗೆದ್ದೇ ಹೊರಡುವುದು ಒಳ್ಳೆಯದು.